ಒಟ್ಟಿಗೆ ಬಾರಿಸಿ, ಒಟ್ಟಿಗೆ ನಿಲ್ಲಿಸಿ: ಬಡಾವಣೆಯಲ್ಲೊಂದು ಡ್ರಮ್ ಸರ್ಕಲ್ ಕಟ್ಟಿ ಬೀದಿಗೆ ತರುವ ಬಗೆ

ಇಪ್ಪತ್ತು ಜನ ಸುತ್ತ ಕೂತು ಒಟ್ಟಿಗೆ ಬಾರಿಸಲು ಶುರು ಮಾಡುವುದಕ್ಕೆ ಹತ್ತು ನಿಮಿಷ ಸಾಕು. ಆ ಇಪ್ಪತ್ತೂ ಜನ ಒಂದೇ ಪೆಟ್ಟಿಗೆ ಕೈ ನಿಲ್ಲಿಸುವುದನ್ನು ಕಲಿಯಲು ನಮ್ಮ ಗುಂಪಿಗೆ ಎರಡು ತಿಂಗಳು ಹಿಡಿಯಿತು. ಕಲಿಯುವ ಮೊದಲೇ ನಾವು ಬೀದಿಗೆ ಇಳಿದಿದ್ದೆವು. ಹನುಮಂತನಗರದ ನಮ್ಮ ಅಡ್ಡರಸ್ತೆಯಲ್ಲಿ ಅದು ರಾಜ್ಯೋತ್ಸವದ ಸಂಜೆ. ಬಾವುಟ ಏರಿತ್ತು, ಮಕ್ಕಳ ಹಾಡು ಮುಗಿದಿತ್ತು, ನಮ್ಮ ಸರದಿ ಬಂದಿತ್ತು. ಐದು ನಿಮಿಷದೊಳಗೆ ಲಯ ಏರಿ, ಕಣ್ಣು ಮುಚ್ಚಿ, ಕೈಗಳು ತಾವಾಗಿಯೇ ಓಡುತ್ತಿದ್ದಾಗ ರಸ್ತೆಯ ತುದಿಗೆ ಆಂಬುಲೆನ್ಸ್ ಬಂದು ನಿಂತಿತು. ನಮ್ಮಲ್ಲಿ ಅರ್ಧ ಜನರಿಗೆ ಸೈರನ್ ಕೇಳಿಸಲೇ ಇಲ್ಲ. ಕೇಳಿಸಿದವರು ನಿಲ್ಲಿಸಿದರು, ಕೇಳಿಸದವರು ಅವರ ಪಾಲನ್ನೂ ತುಂಬುವಂತೆ ಇನ್ನಷ್ಟು ಜೋರಾಗಿ ಬಾರಿಸಿದರು. ಪಕ್ಕದ ಅಂಗಡಿಯವರು ಓಡಿಬಂದು ನನ್ನ ಮಣಿಕಟ್ಟನ್ನೇ ಹಿಡಿದುಕೊಳ್ಳಬೇಕಾಯಿತು. ವಾಹನ ಕಾದದ್ದು ಅರ್ಧ ನಿಮಿಷವಿರಬಹುದು. ಒಳಗಿದ್ದವರ ಪಾಲಿಗೆ ಆ ಅರ್ಧ ನಿಮಿಷ ಎಷ್ಟು ಉದ್ದವಾಗಿತ್ತೋ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಆದ್ದರಿಂದ ಇಲ್ಲಿ ನಿಲ್ಲಿಸುವ ಪಾಠ ಬಾರಿಸುವ ಪಾಠಕ್ಕಿಂತ ಮೊದಲು ಬರುತ್ತದೆ. ಒಟ್ಟಿಗೆ ನಿಲ್ಲಬಲ್ಲ ಗುಂಪನ್ನು ಬೆಂಗಳೂರಿನ ಯಾವ ಬೀದಿಗಾದರೂ ಧೈರ್ಯವಾಗಿ ಕರೆದೊಯ್ಯಬಹುದು. ನಿಲ್ಲಲು ಬಾರದ ಗುಂಪು ಎಷ್ಟೇ ಚೆನ್ನಾಗಿ ಬಾರಿಸಿದರೂ ಮನೆಯ ಮಹಡಿಯ ಮೇಲೇ ಇರಬೇಕು.

ಹೆಸರಿನ ಬಗ್ಗೆ ಒಂದು ಮಾತು. ಡ್ರಮ್ ಸರ್ಕಲ್ ಎಂಬ ರೂಪ ಬೆಳೆದದ್ದು 1960 ಮತ್ತು 70ರ ದಶಕಗಳ ಅಮೆರಿಕದಲ್ಲಿ. ಅದರಲ್ಲಿ ಹೆಚ್ಚಾಗಿ ಕಾಣುವ, ಬರಿಗೈಯಲ್ಲಿ ಬಾರಿಸುವ ಜೆಂಬೆ ಎಂಬ ಚರ್ಮವಾದ್ಯ ಪಶ್ಚಿಮ ಆಫ್ರಿಕದ ಮಾಲಿ, ಗಿನಿ ಕಡೆಯ ಮಾಂಡೆ ಜನರ ವಾದ್ಯ. ಕಲಿತವರು, ಕಲಿಯದವರು ಒಂದೇ ಸುತ್ತಿನಲ್ಲಿ ಕೂತು, ಮೊದಲೇ ಬರೆದಿಟ್ಟ ಸಂಗೀತವಿಲ್ಲದೆ, ಒಬ್ಬರ ಪೆಟ್ಟಿಗೆ ಇನ್ನೊಬ್ಬರು ಪೆಟ್ಟು ಹೆಣೆಯುತ್ತ ಹೋಗುವುದು ಅದರ ಸ್ವಭಾವ. ನಡುವೆ ನಿಂತು ದಾರಿ ತೋರಿಸುವವರನ್ನು ನಾವು ಸೂತ್ರಧಾರ ಎನ್ನುತ್ತೇವೆ. ನಮ್ಮ ಡೊಳ್ಳು ಕುಣಿತದವರೂ ಸುತ್ತುಗಟ್ಟಿ ನಿಲ್ಲುತ್ತಾರೆ ನಿಜ. ಆದರೆ ಅದು ಬೀರೇಶ್ವರನ ಆರಾಧನೆಯಲ್ಲಿ, ಕುರುಬ ಸಮುದಾಯದ ಬದುಕಿನಲ್ಲಿ ಬೇರೂರಿದ ಕಲೆ. ವರ್ಷಗಟ್ಟಲೆಯ ಅಭ್ಯಾಸವಿಲ್ಲದೆ ಆ ಡೊಳ್ಳನ್ನು ಹೊತ್ತು ಹಾರಲಾಗುವುದಿಲ್ಲ. ಭಾನುವಾರದ ನಮ್ಮ ಸರ್ಕಲ್ ಅದಕ್ಕೆ ಬದಲಿಯಲ್ಲ. ಈ ವ್ಯತ್ಯಾಸವನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಕರಪತ್ರದಲ್ಲಿ ‘ಜಾನಪದ ಪ್ರದರ್ಶನ’ ಎಂದು ಅಚ್ಚು ಹಾಕಿಸುವ ಆಸೆ ಆಮೇಲೆ ಯಾರಿಗೂ ಬರುವುದಿಲ್ಲ.

ಮೊದಲ ಹೆಜ್ಜೆ: ಎಂಟು ಜನ

ಎಂಟರಿಂದ ಹನ್ನೆರಡು ಜನರಿಂದ ಶುರು ಮಾಡಿ. ಬಡಾವಣೆಯ ವಾಟ್ಸ್ಆ್ಯಪ್ ಗುಂಪು, ಹಾಲಿನ ಬೂತು, ಗ್ರಂಥಾಲಯದ ಫಲಕ, ಇಷ್ಟು ಸಾಕು. ಸಂಗೀತ ಬರುತ್ತದೆಯೇ ಎಂದು ಯಾರನ್ನೂ ಕೇಳಬೇಡಿ; ವಾರಕ್ಕೊಂದು ಗಂಟೆ ತಪ್ಪದೆ ಬರಬಲ್ಲಿರಾ ಎಂದು ಮಾತ್ರ ಕೇಳಿ. ನಮ್ಮಲ್ಲಿ ಅತ್ಯಂತ ಗಟ್ಟಿಯಾಗಿ ಲಯ ಹಿಡಿಯುವವರು ಮೃದಂಗ ಕಲಿತ ಯುವಕರಲ್ಲ, ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಒಬ್ಬ ಅಮ್ಮ. ಅವರ ಕಾಲಿನಲ್ಲಿರುವ ಸಮಗತಿ ನಮ್ಮ ಯಾರ ಕೈಯಲ್ಲೂ ಇಲ್ಲ. ಅಂಥ ಇಬ್ಬರು ಸಿಕ್ಕರೆ ಸರ್ಕಲ್ಲಿನ ಅಡಿಪಾಯ ಬಿದ್ದ ಹಾಗೆ. ಇಪ್ಪತ್ತೈದು ದಾಟಿದರೆ ಒಬ್ಬ ಸೂತ್ರಧಾರನ ಕಣ್ಣು ಎಲ್ಲರನ್ನೂ ತಲುಪುವುದಿಲ್ಲ. ಆಗ ಎರಡು ಗುಂಪು ಮಾಡಿ.

ಎರಡನೆಯ ಹೆಜ್ಜೆ: ವಾದ್ಯಗಳು

ಬೆಂಗಳೂರಿನಲ್ಲಿ ವಾದ್ಯ ಕೊಳ್ಳುವುದಕ್ಕೂ ರಿಪೇರಿಗೂ ಬಳೇಪೇಟೆಗೆ ಹೋಗುವುದು ಹಳೆಯ ರೂಢಿ. ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳಬೇಡಿ. ವಾದ್ಯವನ್ನು ಮುಟ್ಟಿ, ಅಂಚಿನ ಸುತ್ತ ಬೆರಳು ಬಡಿದು, ಎಲ್ಲ ಕಡೆಯೂ ಒಂದೇ ಶ್ರುತಿ ಬರುತ್ತದೆಯೇ ಎಂದು ಕೇಳಿ ಕೊಳ್ಳಬೇಕು. ದೊಡ್ಡವರಿಗೆ 60 ಸೆಂಟಿಮೀಟರ್ ಎತ್ತರದ, 30 ಸೆಂಟಿಮೀಟರಿನಷ್ಟು ಅಗಲ ಮುಖದ ಜೆಂಬೆ ಹದವಾದದ್ದು. ಮರದ ಪೆಟ್ಟಿಗೆಯ ಮೇಲೆ ಕೂತು ಅದರ ಮುಂಬದಿಯನ್ನೇ ಬಾರಿಸುವ ಕಹೋನ್, ಪೆರು ದೇಶದಿಂದ ಬಂದದ್ದು, ಮೊಣಕಾಲು ನೋವಿರುವವರಿಗೆ ಅನುಕೂಲ. ಕುರ್ಚಿಯೂ ಅದೇ, ವಾದ್ಯವೂ ಅದೇ.

ಹನ್ನೆರಡು ಜನರ ಗುಂಪಿನಲ್ಲಿ ತಗ್ಗು ದನಿಯವು ಎರಡು ಅಥವಾ ಮೂರು, ನಡುದನಿಯವು ಐದು, ಉಳಿದ ಕೈಗಳಲ್ಲಿ ಗಂಟೆ, ತಾಳ, ಗಿಲಕಿಗಳು ಇರಲಿ. ಹನ್ನೆರಡೂ ಜೆಂಬೆಯಾದರೆ ಆಲಿಕಲ್ಲು ಮಳೆಯಂತೆ ಕೇಳಿಸುತ್ತದೆ, ಯಾವ ಪೆಟ್ಟು ಯಾರದೆಂದು ಗೊತ್ತಾಗುವುದಿಲ್ಲ. ಹೊಸಬರು ಗಿಲಕಿ ಹಿಡಿಯಲು ನಾಚುತ್ತಾರೆ, ಅದು ಮಕ್ಕಳ ಸಾಮಾನೆಂದು. ವಾಸ್ತವವಾಗಿ ಒಂದು ಗಿಲಕಿ ತಪ್ಪಿದರೆ ಇಡೀ ಸುತ್ತು ಓಲಾಡುತ್ತದೆ. ಅದನ್ನು ನಿಮ್ಮಲ್ಲಿ ಅತ್ಯಂತ ಸ್ಥಿರವಾದವರ ಕೈಗೆ ಕೊಡಿ.

ದುಡ್ಡು ಕಡಿಮೆಯಿದ್ದರೆ ತಗ್ಗು ದನಿಗೆ ನಮ್ಮೂರಿನ ಪ್ರತಿ ಮನೆಯ ಬಾಗಿಲಲ್ಲೂ ಇರುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆ. ಖಾಲಿ ಕ್ಯಾನನ್ನು ತೊಡೆಗಳ ನಡುವೆ ಬೋರಲಾಗಿ ಹಿಡಿದು ತಳದ ನಡುವೆ ಅಂಗೈಯಿಂದ ಹೊಡೆದರೆ ಒಳ್ಳೆಯ ಗುಮ್ಮನೆಯ ಸದ್ದು ಬರುತ್ತದೆ. ಗಿಲಕಿಗೆ ಅರ್ಧ ಲೀಟರಿನ ಬಾಟಲಿಯಲ್ಲಿ ಎರಡು ಚಮಚ ರಾಗಿ ಹಾಕಿ. ರಾಗಿಯದು ಮೆತ್ತನೆಯ, ಹತ್ತಿರದ ಸದ್ದು. ಒಣ ಅವರೆಕಾಳು ಹಾಕಿದರೆ ಅದೇ ಬಾಟಲಿ ರಸ್ತೆ ದಾಟಿ ಕೇಳಿಸುತ್ತದೆ. ಮಹಡಿಯ ಅಭ್ಯಾಸಕ್ಕೆ ರಾಗಿ, ಬೀದಿಗೆ ಅವರೆ ಎಂಬುದು ನಮ್ಮ ಲೆಕ್ಕ.

ತಮಟೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಈ ನಾಡಿನ ಬೀದಿಗಳಿಗೆ ತಮಟೆಯಷ್ಟು ಒಗ್ಗಿದ ವಾದ್ಯ ಇನ್ನೊಂದಿಲ್ಲ. ಭುಜಕ್ಕೆ ತೂಗುಹಾಕಿಕೊಂಡು, ಒಂದು ಕೈಯಲ್ಲಿ ದಪ್ಪ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದ ಕಡ್ಡಿ ಹಿಡಿದು ನುಡಿಸುವ ಅದರ ಒಂದೊಂದು ಗತ್ತಿಗೂ, ಅಂದರೆ ಬಾರಿಸುವ ವರಸೆಗೂ, ಸಂದರ್ಭವಿದೆ. ಅದನ್ನು ಉಳಿಸಿಕೊಂಡು ಬಂದವರು ದಲಿತ ಸಮುದಾಯದವರು. ಊರ ಹಬ್ಬಕ್ಕೂ ಸಾವಿನ ಮೆರವಣಿಗೆಗೂ ಅವರನ್ನು ಕರೆದು, ಬಾರಿಸಿದ ಕೈಯನ್ನು ಮಾತ್ರ ದೂರವಿಟ್ಟ ಚರಿತ್ರೆ ಆ ಚರ್ಮದೊಂದಿಗೆ ಬಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಗೌರವ ಸಂದದ್ದು ಒಬ್ಬರ ಕೈಚಳಕಕ್ಕೆ ಮಾತ್ರವಲ್ಲ. ನಿಮ್ಮ ಸರ್ಕಲ್ಲಿಗೆ ತಮಟೆ ಬೇಕೆಂದರೆ ಕಲಾವಿದರೊಬ್ಬರನ್ನು ಗುರುವಾಗಿ ಕರೆಯಿರಿ, ಗಿಟಾರ್ ಮೇಷ್ಟ್ರಿಗೆ ಕೊಡುವಷ್ಟೇ ಸಂಭಾವನೆ ಕೊಡಿ, ಅವರು ಹೇಳಿಕೊಟ್ಟ ಗತ್ತನ್ನು ಅವರ ಹೆಸರು ಹೇಳಿಯೇ ನುಡಿಸಿ. ಯೂಟ್ಯೂಬ್ ನೋಡಿ ನಾಲ್ಕು ಪೆಟ್ಟು ಕದ್ದುಕೊಂಡು ‘ಫ್ಯೂಷನ್’ ಎಂದು ಕರೆಯುವುದು ಬೇಡ. ಸಾಧ್ಯವಾದರೆ ಗುಂಪಿನವರೆಲ್ಲ ಒಂದು ದಿನ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಿಬನ್ನಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗದಲ್ಲಿ ನಾಡಿನ ಚರ್ಮವಾದ್ಯಗಳನ್ನು ಹತ್ತಿರದಿಂದ ನೋಡಿದ ಮೇಲೆ ನಮ್ಮ ಹುಡುಗರು ವಾದ್ಯವನ್ನು ನೆಲಕ್ಕೆ ಹಾಕಿ ಅದರ ಮೇಲೆ ಚೀಲ ಇಡುವುದನ್ನು ಬಿಟ್ಟರು.

ಮೂರನೆಯ ಹೆಜ್ಜೆ: ನಿಲ್ಲಿಸುವುದು, ಆಮೇಲೆ ಬಾರಿಸುವುದು

ಮೊದಲ ವಾರ ವಾದ್ಯ ಮುಟ್ಟಬೇಡಿ. ಎಲ್ಲರೂ ಸುತ್ತ ನಿಂತು, ಎಡಗಾಲು ಬಲಗಾಲು ಊರುತ್ತ, ಬಾಯಲ್ಲಿ ತಕಧಿಮಿ ಹೇಳಿ. ‘ತ’ ಅಕ್ಷರಕ್ಕೆ ಮಾತ್ರ ಚಪ್ಪಾಳೆ. ಕನ್ನಡದ ಕಿವಿಗೆ ಇದಕ್ಕಿಂತ ಒಳ್ಳೆಯ ಮೆಟ್ರೊನೋಮ್ (ಲಯ ಎಣಿಸಿಕೊಡುವ ಸಾಧನ) ಇಲ್ಲ. ನಾಲ್ಕಕ್ಕೆ ತಕಧಿಮಿ, ಮೂರಕ್ಕೆ ತಕಿಟ, ಐದಕ್ಕೆ ತಕ ತಕಿಟ, ಏಳಕ್ಕೆ ತಕಿಟ ತಕಧಿಮಿ: ಬಾಯಿಗೆ ಬಂದದ್ದು ಕೈಗೆ ಬಂದೇ ಬರುತ್ತದೆ, ಬಾಯಿಗೆ ಬಾರದ್ದನ್ನು ಕೈ ಎಷ್ಟು ಹೊಡೆದರೂ ಹಿಡಿಯುವುದಿಲ್ಲ.

ಇದೇ ವಾರ ನಿಲ್ಲುವ ಸನ್ನೆಯನ್ನೂ ಕಲಿಸಿ. ಸೂತ್ರಧಾರ ಎರಡೂ ಕೈ ಎತ್ತಿ, ನಾಲ್ಕು ಬೆರಳು ತೋರಿಸಿ, ನಾಲ್ಕು, ಮೂರು, ಎರಡು, ಒಂದು ಎಂದು ಬೆರಳು ಮಡಚುತ್ತ ಬರುತ್ತಾನೆ. ಮುಷ್ಟಿ ಮುಚ್ಚಿದಾಗ ಎಲ್ಲರೂ ಒಂದೇ ಒಂದು ಪೆಟ್ಟು ಹೊಡೆದು ಕೈಗಳನ್ನು ಚರ್ಮದ ಮೇಲೇ ಒತ್ತಿ ಹಿಡಿಯಬೇಕು. ಕೈ ಮೇಲೆತ್ತಿದರೆ ನಾದ ಉಳಿಯುತ್ತದೆ. ಒತ್ತಿದರೆ ಸದ್ದು ಅಲ್ಲೇ ಸಾಯುತ್ತದೆ. ಇದು ಕಲಾತ್ಮಕ ಮುಕ್ತಾಯದ ಸನ್ನೆ. ಇನ್ನೊಂದು ತುರ್ತಿನ ಸನ್ನೆ ಬೇಕು: ಎರಡು ತೋಳುಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿಯುವುದು. ಅದಕ್ಕೆ ಎಣಿಕೆಯಿಲ್ಲ, ಕೊನೆಯ ಪೆಟ್ಟಿಲ್ಲ, ಕಂಡ ಕ್ಷಣ ನಿಲ್ಲಬೇಕು. ಅದನ್ನು ಸೂತ್ರಧಾರನಷ್ಟೇ ಅಲ್ಲ, ಸುತ್ತಿನಲ್ಲಿರುವ ಯಾರು ಬೇಕಾದರೂ ತೋರಿಸಬಹುದು, ಒಬ್ಬರು ತೋರಿಸಿದ್ದನ್ನು ಕಂಡವರೆಲ್ಲ ತೋರಿಸಬೇಕು. ರಾಜ್ಯೋತ್ಸವದ ಆ ಸಂಜೆಯ ನಂತರ ನಾವು ಪ್ರತಿ ಅಭ್ಯಾಸದಲ್ಲೂ ಯಾರಿಗೂ ಹೇಳದೆ ಎರಡು ಸಲ ಇದನ್ನು ಪರೀಕ್ಷಿಸುತ್ತೇವೆ. ಮೂರು ಸೆಕೆಂಡಿನೊಳಗೆ ಪೂರ್ತಿ ಮೌನ ಬರಬೇಕು. ಬಾರದಿದ್ದರೆ ಆ ವಾರ ಹೊಸ ಪಾಠವಿಲ್ಲ.

ನಿಲ್ಲುವುದು ಕೈಗೆ ಹತ್ತಿದ ಮೇಲೆ ಅದರ ಸೊಗಸು ಶುರುವಾಗುತ್ತದೆ. ಎಲ್ಲರೂ ನಿಂತು, ಎಂಟು ಎಣಿಕೆಯನ್ನು ಮನಸ್ಸಿನಲ್ಲೇ ಎಣಿಸಿ, ಯಾರೂ ಸನ್ನೆ ಮಾಡದೆ ಒಂದೇ ಪೆಟ್ಟಿಗೆ ಮತ್ತೆ ಎತ್ತಿಕೊಳ್ಳುವ ಅಭ್ಯಾಸ ಮಾಡಿ. ಮೊದಲ ದಿನ ಹನ್ನೆರಡು ಜನ ಹನ್ನೆರಡು ಕಡೆ ಬೀಳುತ್ತಾರೆ. ಆರನೆಯ ವಾರದ ಹೊತ್ತಿಗೆ ಆ ಎಂಟು ಎಣಿಕೆಯ ಮೌನ ಎಷ್ಟು ಬಿಗಿಯಾಗಿ ನಿಲ್ಲುತ್ತದೆಂದರೆ, ಬೀದಿಯಲ್ಲಿ ದಾಟಿ ಹೋಗುತ್ತಿರುವವರು ತಿರುಗಿ ನೋಡುವುದು ಬಾರಿಸುವಾಗಲ್ಲ, ಆ ಮೌನದಲ್ಲಿ. ನಮ್ಮ ಪ್ರದರ್ಶನಗಳಲ್ಲಿ ಜನ ನಿಂತು ಕೇಳಲು ಶುರು ಮಾಡಿದ್ದು ಇದನ್ನು ಕಲಿತ ಮೇಲೆಯೇ.

ಈಗ ವಾದ್ಯ. ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ. ಚರ್ಮವೂ ಹರಿಯುತ್ತದೆ, ಬೆರಳೂ ಊದುತ್ತದೆ. ಜೆಂಬೆಯಲ್ಲಿ ಮೂರು ಪೆಟ್ಟುಗಳು ಸಾಕು. ಮುಖದ ನಡುವೆ ಇಡೀ ಅಂಗೈ ಬಿದ್ದು ಕೂಡಲೇ ಪುಟಿದೆದ್ದರೆ ತಗ್ಗಿನ ‘ಧೀಂ’. ಅಂಚಿನಲ್ಲಿ ಬೆರಳುಗಳನ್ನು ಜೋಡಿಸಿ ಹೊಡೆದರೆ ದುಂಡನೆಯ ‘ತಾ’. ಅದೇ ಅಂಚಿನಲ್ಲಿ ಬೆರಳುಗಳನ್ನು ಸಡಿಲಬಿಟ್ಟು ತುದಿಗಳು ತಾವಾಗಿ ಬೀಳುವಂತೆ ಹೊಡೆದರೆ ಚುರುಕಾದ ‘ಚಟ್’. ಮೂರನೆಯದಕ್ಕೆ ತಿಂಗಳುಗಳು ಬೇಕು, ಅದರ ಹಿಂದೆ ಬೀಳಬೇಡಿ. ಧೀಂ ಮತ್ತು ತಾ ಸ್ಪಷ್ಟವಾಗಿದ್ದರೆ ಬೀದಿಗೆ ಬೇಕಾದದ್ದೆಲ್ಲ ಇದೆ.

ಲಯವನ್ನು ಪದರ ಪದರವಾಗಿ ಕಟ್ಟಿ. ಮೊದಲು ಗಿಲಕಿ ಒಂದೇ, ತಕಧಿಮಿಯ ನಾಲ್ಕೂ ಅಕ್ಷರಗಳನ್ನು ಹೇಳುತ್ತ. ಅದು ನೆಲೆನಿಂತ ಮೇಲೆ ತಗ್ಗು ವಾದ್ಯಗಳು ಮೊದಲ ಅಕ್ಷರಕ್ಕೆ ಮಾತ್ರ. ಆಮೇಲೆ ಗಂಟೆ. ನಡುದನಿಯವರು ಎಲ್ಲರಿಗಿಂತ ಕೊನೆಗೆ, ಮತ್ತು ಬಿಟ್ಟ ಜಾಗಗಳಲ್ಲಿ ಮಾತ್ರ ಬರಬೇಕು. ಬಾರಿಸುತ್ತಿರುವಾಗ ಪಕ್ಕದವರ ಸದ್ದು ನಿಮಗೆ ಕೇಳಿಸದಿದ್ದರೆ ನೀವು ಜೋರಾಗಿದ್ದೀರಿ ಎಂದು ಅರ್ಥ. ಪಕ್ಕದವರು ಮೆಲ್ಲಗಿದ್ದಾರೆ ಎಂದಲ್ಲ. ಈ ಒಂದು ಸೂತ್ರವನ್ನು ನಾವು ಮಹಡಿಯ ಗೋಡೆಗೆ ಬರೆದು ಅಂಟಿಸಿದ್ದೇವೆ.

ಎಲ್ಲ ಗುಂಪುಗಳೂ ತಮಗೆ ಗೊತ್ತಿಲ್ಲದೆ ಓಡುತ್ತವೆ. ನಿಮಿಷಕ್ಕೆ 84 ಪೆಟ್ಟಿನಲ್ಲಿ ಶುರುವಾದದ್ದು ಹತ್ತು ನಿಮಿಷದ ಹೊತ್ತಿಗೆ 110 ದಾಟಿರುತ್ತದೆ. ಮೊಬೈಲಿನ ಮೆಟ್ರೊನೋಮ್ ಆ್ಯಪ್ ಇಟ್ಟುಕೊಂಡು ನಡುನಡುವೆ ಅಳೆಯಿರಿ. ಓಡುವುದು ತಪ್ಪಲ್ಲ, ಗೊತ್ತಿಲ್ಲದೆ ಓಡುವುದು ತಪ್ಪು.

ಸದ್ದು ಇಳಿಸುವುದಕ್ಕೆ ಬೇರೆ ಅಭ್ಯಾಸ ಬೇಕು. ಸೂತ್ರಧಾರನ ಅಂಗೈ ಎದೆಮಟ್ಟದಲ್ಲಿದ್ದರೆ ಮಾಮೂಲು, ಸೊಂಟದ ಮಟ್ಟಕ್ಕೆ ಇಳಿದರೆ ಬೆರಳ ತುದಿಯಿಂದ ಮಾತ್ರ. ವೇಗ ಬದಲಾಗದೆ ಸದ್ದು ಮಾತ್ರ ಇಳಿಯಬೇಕು, ಇದು ಕೇಳಿದಷ್ಟು ಸುಲಭವಲ್ಲ. ಮೆಲ್ಲಗಾದ ಕೂಡಲೇ ಎಲ್ಲರೂ ನಿಧಾನವಾಗುತ್ತಾರೆ. ಮನೆಯಲ್ಲಿ ದಿನಕ್ಕೆ ಐದು ನಿಮಿಷ ದಿಂಬಿನ ಮೇಲೆ ಅಭ್ಯಾಸ ಮಾಡಲು ಹೇಳಿ.

ಏಳರ ನಡೆ, ಐದರ ನಡೆ ನಿಮಗೆ ಎಷ್ಟೇ ಪ್ರಿಯವಾಗಿದ್ದರೂ ಮೊದಲ ಪ್ರದರ್ಶನದಲ್ಲಿ ಬೇಡ. ದಾರಿಹೋಕರು ಬಂದು ಸೇರಿಕೊಳ್ಳಬೇಕಾದರೆ ಅವರ ಕಾಲಿಗೆ ಗೊತ್ತಿರುವ ನಾಲ್ಕರ ನಡೆ, ಹೆಚ್ಚೆಂದರೆ ತಿಶ್ರದ, ಅಂದರೆ ಮೂರರ ನಡೆಯ, ಓಲಾಟ ಸಾಕು.

ಕಿವಿಗಳು

ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕಿವಿ ಕೆಡದಿರಬೇಕಾದರೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳುವುದು ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಹಾಗಾಗಿ 100 ಡೆಸಿಬಲ್‌ಗೆ ಉಳಿಯುವುದು ಹದಿನೈದೇ ನಿಮಿಷ. ಸುತ್ತಿನ ಒಳಗೆ ಜೋರಾದ ಕ್ಷಣಗಳಲ್ಲಿ ಸದ್ದು ಅಷ್ಟಕ್ಕೆ ಸುಲಭವಾಗಿ ಮುಟ್ಟುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಎಲ್ಲರ ಜೇಬಿನಲ್ಲೂ ಇರಲಿ. ಚಿಕ್ಕ ಮಕ್ಕಳನ್ನು ಸುತ್ತಿನ ನಡುವೆ ಕೂರಿಸಿ ಫೋಟೋ ತೆಗೆಯುವುದನ್ನು ದಯವಿಟ್ಟು ಬಿಡಿ. ಎಲ್ಲ ವಾದ್ಯಗಳ ಮುಖವೂ ಅವರ ಕಿವಿಯ ಮಟ್ಟದಲ್ಲೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಜಾಗ ಮತ್ತು ಅನುಮತಿ

ಹತ್ತು ಜನ ಸಮವಾಗಿ ಬಾರಿಸಿದರೆ ಒಬ್ಬರ ಸದ್ದಿಗಿಂತ 10 ಡೆಸಿಬಲ್ ಹೆಚ್ಚುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಮ್ಮ ಅಡ್ಡರಸ್ತೆಗಳಲ್ಲಿ ಎರಡೂ ಬದಿಯ ಗೋಡೆಗಳು ಸದ್ದನ್ನು ವಾಪಸು ಎಸೆಯುವುದರಿಂದ ಅಷ್ಟೂ ಇಳಿಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಮಾತ್ರವಲ್ಲ, ವಾದ್ಯಗಳಿಗೂ ನಿಷೇಧವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅದೇ ನಿಯಮಗಳು ಅವಕಾಶ ಕೊಡುತ್ತವೆ. ಫಲಕ ಇರಲಿ, ಇಲ್ಲದಿರಲಿ, ಅಲ್ಲಿಗೆ ಹೋಗಬೇಡಿ. ನರ್ಸಿಂಗ್ ಹೋಮ್‌ಗಳು ನಮ್ಮೂರಲ್ಲಿ ಪ್ರತಿ ಮೂಲೆಯಲ್ಲೂ ಇರುವುದರಿಂದ ಜಾಗ ನಿಗದಿ ಮಾಡುವ ಮೊದಲು ಒಮ್ಮೆ ನಡೆದೇ ನೋಡಿ.

ಎಲ್ಲರ ಮನಸ್ಸಿಗೂ ಮೊದಲು ಬರುವುದು ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್. ಎರಡೂ ತೋಟಗಾರಿಕೆ ಇಲಾಖೆಯ ಅಧೀನದಲ್ಲಿವೆ. ಎರಡರಲ್ಲೂ ಹಳೆಯ ಬ್ಯಾಂಡ್‌ಸ್ಟ್ಯಾಂಡ್ ಇದೆ, ಅದನ್ನು ಕಂಡರೆ ಆಸೆಯೂ ಆಗುತ್ತದೆ. ಆದರೆ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಅಲ್ಲಿ ವಾದ್ಯ ಬಿಚ್ಚಬೇಡಿ. ಕಬ್ಬನ್ ಪಾರ್ಕಿನ ಅಂಚಿನಲ್ಲೇ ಹೈಕೋರ್ಟ್ ಇದೆ. ಅಲ್ಲಿನ ಮರಗಳಲ್ಲಿ ಹಕ್ಕಿಗಳಿವೆ, ಮರದಡಿ ಓದುತ್ತ ಮಲಗಿದವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಡ್ರಮ್ ಸರ್ಕಲ್ಲಿಗೆ ಅದು ಸರಿಯಾದ ಜಾಗವೇ ಅಲ್ಲ. ಕಡಲೆಕಾಯಿ ಪರಿಷೆಯ ಬುಲ್ ಟೆಂಪಲ್ ರಸ್ತೆಯೂ ಅಷ್ಟೇ. ಆ ಜನಸಂದಣಿಯಲ್ಲಿ ಸುತ್ತು ಕಟ್ಟಿದರೆ ಹಿಂದಿನಿಂದ ತಳ್ಳಾಟ ಶುರುವಾಗುತ್ತದೆ.

ನಮಗೆ ಒಗ್ಗಿದ್ದು ಮೂರು ಬಗೆಯ ಜಾಗಗಳು: ಪಾಲಿಕೆಯ ಬಡಾವಣೆ ಉದ್ಯಾನ, ಬಡಾವಣೆಯ ರಾಜ್ಯೋತ್ಸವದಂಥ ಸಮಾರಂಭ, ರಂಗಮಂದಿರದ ಹೊರಗಿನ ಅಂಗಳ. ಉದ್ಯಾನವಾದರೆ ನಿಮ್ಮ ಪ್ರದೇಶ ಯಾವ ನಗರ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ಹಳೆಯ ವಿಳಾಸಕ್ಕೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಬೀದಿ, ಪಾದಚಾರಿ ಮಾರ್ಗವಾದರೆ ಸ್ಥಳೀಯ ಪೊಲೀಸ್ ಠಾಣೆಗೂ ಅರ್ಜಿ ಕೊಡಿ.

ಅರ್ಜಿ ಒಂದೇ ಪುಟದಲ್ಲಿ, ಕನ್ನಡದಲ್ಲಿ ಇರಲಿ. ದಿನಾಂಕ, ಶುರುವಾಗುವ ಮತ್ತು ಮುಗಿಯುವ ಸಮಯ, ಎಷ್ಟು ಜನ, ಯಾವ ವಾದ್ಯಗಳು, ಧ್ವನಿವರ್ಧಕ ಇಲ್ಲ ಎಂಬ ಸ್ಪಷ್ಟ ವಾಕ್ಯ, ಪಾದಚಾರಿಗಳಿಗೆ ಎಷ್ಟು ಜಾಗ ಬಿಡುತ್ತೀರಿ, ಜವಾಬ್ದಾರಿ ಹೊತ್ತ ಇಬ್ಬರ ಹೆಸರು ಮತ್ತು ದೂರವಾಣಿ. ಕೈಯಲ್ಲಿ ಬರೆದ ಜಾಗದ ನಕ್ಷೆಯನ್ನು ಹಿಂದೆ ಲಗತ್ತಿಸಿ. ಎರಡು ವಾರ ಮೊದಲೇ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಧ್ವನಿವರ್ಧಕಕ್ಕೆ ಬೇರೆಯದೇ ಲಿಖಿತ ಅನುಮತಿ ಬೇಕು. ಅದನ್ನು ಕೇಳಲೇಬೇಡಿ. ಮೈಕ್ ಬಂದ ಕೂಡಲೇ ಸರ್ಕಲ್ ಹೋಗಿ ವೇದಿಕೆ ಬರುತ್ತದೆ.

ಕಾಗದದ ಅನುಮತಿಗಿಂತ ಮುಖ್ಯವಾದದ್ದು ಸುತ್ತಲಿನ ಮನೆಗಳದು. ಇಬ್ಬರು ಹೋಗಿ ಬಾಗಿಲು ತಟ್ಟಿ, ಯಾವ ದಿನ, ಎಷ್ಟು ಹೊತ್ತು ಎಂದು ಹೇಳಿ. ಪರೀಕ್ಷೆಯ ಮಕ್ಕಳಿದ್ದಾರೆಯೇ, ಬಾಣಂತಿ, ಹಾಸಿಗೆ ಹಿಡಿದವರು ಇದ್ದಾರೆಯೇ ಎಂದು ಕೇಳಿ. ಒಂದು ಮನೆಯವರು ಬೇಡವೆಂದರೂ ನಾವು ದಿನ ಬದಲಿಸಿದ್ದೇವೆ. ಮಾರ್ಚ್ ತಿಂಗಳಲ್ಲಂತೂ ಬೀದಿಯ ಆಸೆಯನ್ನೇ ಬಿಡಿ, ಪರೀಕ್ಷೆಗಳ ಕಾಲ. ಅಭ್ಯಾಸದ ಮಹಡಿಗೂ ಇದೇ ನ್ಯಾಯ: ತಗ್ಗು ಸದ್ದು ಕಾಂಕ್ರೀಟಿನ ಮೂಲಕ ನೇರವಾಗಿ ಕೆಳಗಿನ ಮನೆಗೆ ಇಳಿಯುತ್ತದೆ. ವಾದ್ಯದ ಕೆಳಗೆ ನಾಲ್ಕು ಮಡಿಕೆಯ ಜಮಖಾನ ಹಾಕಿ, ಒಮ್ಮೆ ನೀವೇ ಕೆಳಗಿಳಿದು ಕೇಳಿಸಿಕೊಳ್ಳಿ.

ಐದನೆಯ ಹೆಜ್ಜೆ: ಆ ಸಂಜೆ

ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಸಂಜೆಗಳು ಚರ್ಮಕ್ಕೂ ಜನಕ್ಕೂ ಒಳ್ಳೆಯವು. ಮೇ ತಿಂಗಳ ಗುಡುಗು ಮಳೆ, ಆಗಸ್ಟಿನಿಂದ ಅಕ್ಟೋಬರಿನವರೆಗಿನ ಮಳೆ ಗಾಳಿಯಲ್ಲಿ ತೇವ ತುಂಬಿ ಚರ್ಮವನ್ನು ಸಡಿಲಗೊಳಿಸುತ್ತವೆ. ಸಡಿಲವಾದ ತಮಟೆ ಹಸಿ ರಟ್ಟು ಬಡಿದಂತೆ ಕೇಳಿಸುತ್ತದೆ. ಹಳ್ಳಿಯಲ್ಲಿ ಹುಲ್ಲು ಹೊತ್ತಿಸಿ ತಮಟೆ ಕಾಯಿಸುವುದು ಕ್ರಮ. ಪಾಲಿಕೆಯ ಉದ್ಯಾನದಲ್ಲಿ ಬೆಂಕಿ ಹಾಕಬೇಡಿ. ಮಧ್ಯಾಹ್ನ ಮನೆಯ ಅಂಗಳದಲ್ಲೇ ಕಾಯಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ತನ್ನಿ, ಅಥವಾ ಬಿಸಿಲಿಗೆ ಹದಿನೈದು ನಿಮಿಷ ಒಡ್ಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಚರ್ಮವಾದ್ಯವನ್ನು ಬಿಡಬೇಡಿ, ಬಿಗಿದು ಸೀಳಿಹೋಗುತ್ತದೆ. ಮಳೆಗಾಲದ ಗುಂಪಿಗೆ ಎರಡು ಮೂರು ಸಿಂಥೆಟಿಕ್ ಮುಖದ ವಾದ್ಯಗಳಿದ್ದರೆ ಅನುಕೂಲ. ಡೊಳ್ಳು, ಕಹೋನ್‌ಗಳನ್ನು ಹಿಡಿದು ಬಸ್ಸು, ಮೆಟ್ರೋ ಹತ್ತುವ ಸಾಹಸ ಬೇಡ. ಒಂದು ಗೂಡ್ಸ್ ಆಟೋದ ಬಾಡಿಗೆಯನ್ನು ಹಂಚಿಕೊಳ್ಳಿ.

ಹೊರಗೆ ಪೂರ್ತಿ ವೃತ್ತ ಕಟ್ಟಬೇಡಿ, ಕುದುರೆ ಲಾಳದ ಆಕಾರದಲ್ಲಿ ಕೂರಿ. ಮುಚ್ಚಿದ ವೃತ್ತದ ಸುತ್ತ ಜನ ನಿಮ್ಮ ಬೆನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ತೆರೆದ ಬಾಯಿ ಜನ ಬರುವ ಕಡೆಗಿರಲಿ. ಹಿಂದೆ ಎರಡು ಮೀಟರ್ ದಾರಿ ಬಿಡಿ. ಗಾಲಿಕುರ್ಚಿ, ತಳ್ಳುಗಾಡಿ ಸಲೀಸಾಗಿ ಹೋಗಬೇಕು. ವಾದ್ಯವಿಲ್ಲದ ಒಬ್ಬರು ಸುತ್ತಿನ ಹೊರಗೆ ನಿಂತು ರಸ್ತೆಯನ್ನೇ ನೋಡುತ್ತಿರಲಿ. ನಾವು ಅವರನ್ನು ಕಾವಲುಗಿವಿ ಎನ್ನುತ್ತೇವೆ. ಸೈರನ್, ಪೊಲೀಸರು, ಕಿಟಕಿಯಿಂದ ಕೈಬೀಸುವ ಅಜ್ಜಿ, ಯಾರೇ ಆಗಲಿ, ಕಾವಲುಗಿವಿಯ ತೋಳುಗಳು ಅಡ್ಡಬಂದರೆ ಎಲ್ಲ ನಿಲ್ಲುತ್ತದೆ. ಈ ಕೆಲಸವನ್ನು ಸರದಿಯ ಮೇಲೆ ಎಲ್ಲರೂ ಮಾಡಬೇಕು, ಸೂತ್ರಧಾರನೂ.

ಸಂಜೆ ಐದಕ್ಕೆ ಶುರು, ಆರರೊಳಗೆ ಮುಕ್ತಾಯ. ನಲವತ್ತು ನಿಮಿಷ ಬಾರಿಸಿದರೆ ಧಾರಾಳ. ಮೊದಲ ಐದು ನಿಮಿಷ ಗಿಲಕಿ ಮತ್ತು ಬೆರಳ ತುದಿಗಳು ಮಾತ್ರ. ಸದ್ದು ಒಮ್ಮೆಲೇ ಎದ್ದರೆ ಜನ ಹಿಂದೆ ಸರಿಯುತ್ತಾರೆ, ಮೆಲ್ಲಗೆ ಎದ್ದರೆ ಹತ್ತಿರ ಬರುತ್ತಾರೆ. ನಂತರ ತಗ್ಗು ವಾದ್ಯಗಳು ಸೇರಲಿ, ಹದಿನೈದನೆಯ ನಿಮಿಷದ ಹೊತ್ತಿಗೆ ಎಂಟು ಎಣಿಕೆಯ ಮೌನ ಬರಲಿ. ಆ ಮೌನದ ನಂತರ ಸೂತ್ರಧಾರ ಹೊರಗಿನವರತ್ತ ತಿರುಗಿ ‘ತಕಧಿಮಿ’ ಎಂದು ಕರೆ ಕೊಡುತ್ತಾನೆ, ಅವರು ಚಪ್ಪಾಳೆಯಲ್ಲಿ ಉತ್ತರಿಸುತ್ತಾರೆ. ಎರಡು ಸಲ ಸಾಕು, ಮೂರನೆಯ ಸಲ ಕಾಯಿಪಲ್ಯದ ಚೀಲ ಹಿಡಿದವರೂ ಸೇರಿರುತ್ತಾರೆ.

ಆಗ ಬುಟ್ಟಿಯಲ್ಲಿಟ್ಟ ರಾಗಿ ಬಾಟಲಿಗಳನ್ನು ಹಂಚಿ. ಹಂಚುವವರು ನಗುತ್ತ ಒಮ್ಮೆ ಚಾಚಬೇಕು, ಬೇಡವೆಂದವರನ್ನು ಒತ್ತಾಯಿಸಬಾರದು. ಮಕ್ಕಳಿಗೆ ಕೊಡುವ ಮೊದಲು ಜೊತೆಗಿರುವ ದೊಡ್ಡವರನ್ನು ಕೇಳಿ, ವಿಡಿಯೋ ಮಾಡುವ ಮೊದಲಂತೂ ಕೇಳಲೇಬೇಕು. ಸೇರಿದವರಲ್ಲಿ ಕೆಲವರಿಗೆ ಲಯ ಸಿಗುವುದಿಲ್ಲ. ಅವರತ್ತ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ತಗ್ಗು ವಾದ್ಯದ ಇಬ್ಬರು ಗಟ್ಟಿಯಾಗಿದ್ದರೆ ಹತ್ತು ಜನ ತಪ್ಪಾಗಿ ಅಲುಗಾಡಿಸಿದರೂ ಲಯ ಮುರಿಯುವುದಿಲ್ಲ. ಕಳೆದ ಚಳಿಗಾಲದಲ್ಲಿ ಭದ್ರತಾ ಸಿಬ್ಬಂದಿಯ ಸಮವಸ್ತ್ರದಲ್ಲಿದ್ದ ಹಿರಿಯರೊಬ್ಬರು ಬಹಳ ಹೊತ್ತು ನಿಂತು ನೋಡಿ, ತಮಟೆ ಕೊಡುತ್ತೀರಾ ಎಂದು ಕೇಳಿದರು. ಮೂರು ನಿಮಿಷ ನುಡಿಸಿದರು. ನಮ್ಮ ಎರಡು ವರ್ಷದ ಅಭ್ಯಾಸ ಆ ಮೂರು ನಿಮಿಷದ ಮುಂದೆ ಮಂಡಿಯೂರಿತು. ಅವರು ಕಡ್ಡಿಗಳನ್ನು ವಾಪಸು ಕೊಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದರು. ಅಂಥವರು ಕೇಳಿದಾಗ ಕೊಡಲು ಒಂದು ವಾದ್ಯ ಯಾವಾಗಲೂ ಖಾಲಿ ಇರಲಿ.

ಮುಂದೆ ಟವೆಲ್ ಹಾಸಿ ಹಣ ಸಂಗ್ರಹಿಸುವುದು ನಮ್ಮಲ್ಲಿ ಇಲ್ಲ. ಬೀದಿಯಲ್ಲೇ ನುಡಿಸಿ ಹೊಟ್ಟೆ ಹೊರೆಯುವ ಕಲಾವಿದರು ಈ ಊರಲ್ಲಿದ್ದಾರೆ, ಹವ್ಯಾಸಕ್ಕೆ ಬಂದವರು ಅವರ ಪಾಲಿಗೆ ಕೈ ಹಾಕಬಾರದು.

ಕೈಮೀರಿದಾಗ

ಒಬ್ಬರೇ ಎಲ್ಲರ ಮೇಲೆ ಏರಿ ಬಾರಿಸುತ್ತಿದ್ದರೆ ಅವರನ್ನು ಹೆಸರಿಟ್ಟು ಗದರಬೇಡಿ. ಅವರ ಎಡಬಲದವರು ಬೆರಳ ತುದಿಗೆ ಇಳಿದರೆ ತಮ್ಮ ಸದ್ದು ಅವರಿಗೇ ಕೇಳಿಸುತ್ತದೆ. ಕುಡಿದು ಬಂದವರು ನಡುವೆ ಕುಣಿಯತೊಡಗಿದರೆ ವೇಗ ಇಳಿಸಿ, ನಾಲ್ಕು ಸುತ್ತಿನಲ್ಲಿ ಮುಕ್ತಾಯಕ್ಕೆ ತನ್ನಿ. ಲಯ ಇಳಿದಾಗ ಕುಣಿತವೂ ಇಳಿಯುತ್ತದೆ. ಪೊಲೀಸರು ಬಂದರೆ ಮೊದಲು ನಿಲ್ಲಿಸಿ, ಆಮೇಲೆ ಅನುಮತಿ ಪತ್ರ ತೋರಿಸಿ. ಬಾರಿಸುತ್ತಲೇ ಪತ್ರ ಚಾಚಿದರೆ ಪತ್ರಕ್ಕೆ ಬೆಲೆಯಿಲ್ಲ. ಗಲಾಟೆ ಮಿತಿಮೀರಿದರೆ 112.

ಮುಗಿದ ಮೇಲೆ

ಹಂಚಿದ ಬಾಟಲಿಗಳನ್ನು ಎಣಿಸಿ ತೆಗೆದುಕೊಳ್ಳಿ, ನೆಲ ಗುಡಿಸಿ, ಚರ್ಮಗಳ ಮೇಲಿನ ಬೆವರನ್ನು ಒಣಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿ. ಹತ್ತಿರದ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿ: ಈವತ್ತು ನಿಮಗೆ ಯಾರ ಪೆಟ್ಟು ಸ್ಪಷ್ಟವಾಗಿ ಕೇಳಿಸಿತು? ಯಾರ ಹೆಸರೂ ಹೇಳಲಾಗದವರು ಮುಂದಿನ ವಾರ ಗಿಲಕಿ ಹಿಡಿಯಲಿ.

ಮಾರನೆಯ ದಿನ, ಮೊದಲು ಬಾಗಿಲು ತಟ್ಟಿದ್ದ ಇಬ್ಬರೇ ಮತ್ತೆ ಅದೇ ಮನೆಗಳಿಗೆ ಹೋಗಬೇಕು. ಹೇಗಿತ್ತು ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಯಾವಾಗ ನಿಲ್ಲಿಸಬೇಕಿತ್ತು ಎಂದು ಕೇಳಿ. ನಮ್ಮ ಎದುರು ಮನೆಯ ಹಿರಿಯರು ‘ಐದು ಮುಕ್ಕಾಲಿಗೆ’ ಎಂದರು. ಆರಕ್ಕೆ ಅವರ ಮನೆಯಾಕೆ ಮಾತ್ರೆ ತೆಗೆದುಕೊಂಡು ಮಲಗುತ್ತಾರಂತೆ. ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ತಿಂಗಳ ಅರ್ಜಿಯಲ್ಲಿ ಮುಕ್ತಾಯದ ಸಮಯವನ್ನು 5.40 ಎಂದು ನಮೂದಿಸಿದೆವು.